ಬೀಗರೂಟ ಮುಗಿಸಿ ಏರಿ ಮೇಲೆ ಹೋದವರು

ಇವತ್ತು ನನ್ನ ತಮ್ಮ ರಂಗಪ್ಪನ ಮನೆಯ ಬೀಗರೂಟಕ್ಕೆ ಬಂದ ಯಾರನ್ನೂ ಪೊಲೀಸರು ಹಿಡಿಯಲಿಲ್ಲ, ನೆಂಟರೇ. ಹಿಡಿಯಲು ರಂಗಪ್ಪ ಬಿಡಲಿಲ್ಲ.

ಬಾಡೂಟದ ಜೊತೆ ಗುಂಡೂ ಇತ್ತು. ಶೆಟ್ಟಿಕೆರೆ ರಸ್ತೆಯಲ್ಲಿ ಪೊಲೀಸರು ಮಧ್ಯಾಹ್ನವೇ ಬ್ಯಾರಿಕೇಡ್ ಹಾಕಿದ್ದಾರೆಂದು ಸುದ್ದಿ ಬಂದದ್ದೇ ತಡ, ಎಲೆ ಅಡಿಕೆ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದ ರಂಗಪ್ಪ ಹೊರಟವರಿಗೆಲ್ಲ ದಾರಿ ಹೇಳತೊಡಗಿದ. "ಮೇನ್ ರೋಡಿಗೆ ಹೋಗ್ಬ್ಯಾಡಿ ಕಣ್ರೀ, ಮಿಷನ್ ಇಟ್ಟು ಊದುಸ್ತಾವ್ರೆ. ಕೆರೆ ಏರಿ ಮೇಲೆ ಹೋಗ್ಬುಡಿ."

ಬೀಗರ ಕಡೆಯ ಚಿಕ್ಕಣ್ಣ ಬೈಕ್ ಹತ್ತುವಾಗಲೇ ಓಲಾಡುತ್ತಿದ್ದ. ಅವನ ಹೆಂಡತಿ ಕಾಂತಮ್ಮ ಹಿಂದೆ ಕೂರಲು ಒಪ್ಪಲಿಲ್ಲ.

"ಹಿಡ್ಕಳ್ಲಿ ಬುಡಣ್ಣ, ಗಾಡಿ ಮಡಿಕ್ಕಳ್ಲಿ. ನಾವು ಬಸ್ಸಲ್ಲಿ ಹೋಯ್ತೀವಿ."

"ನಮ್ಮನೇಲಿ ಉಂಡೋರು ಸ್ಟೇಷನ್ನಲ್ಲಿ ಕೂತ್ರೆ ನಮ್ ಮರ್ವಾದೆ ಏನಾಗ್ಬೇಕಮ್ಮ? ಹತ್ತು, ಹತ್ತು!" ಎಂದು ರಂಗಪ್ಪನೇ ಅವಳನ್ನು ಹತ್ತಿಸಿದ. ನಾವೆಲ್ಲ ನಗುತ್ತಾ ನಿಂತಿದ್ದೆವು.

ಏರಿಯ ತಿರುವಿನಲ್ಲಿ ಬೈಕ್ ಕೆಳಗಿನ ಕಲ್ಲುಗಳ ಮೇಲೆ ಉರುಳಿತು. ಚಿಕ್ಕಣ್ಣನಿಗೆ ಮೊಣಕೈ ತರಚಿದೆ. ಕಾಂತಮ್ಮ ತಿಪಟೂರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಆಸ್ಪತ್ರೆಗೆ ಬಂದ ಪೊಲೀಸರು ಕೇಳಿದರು: "ಟಾರ್ ರೋಡ್ ಬುಟ್ಟು ಆ ಏರಿ ಮೇಲೆ ಯಾಕ್ ಹೋದ್ರು?" ರಂಗಪ್ಪ ನನ್ನ ತೋಳು ಅದುಮಿದ. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಆಗಿನಿಂದ ತಮ್ಮ ನನ್ನ ಪಕ್ಕ ಕೂರುತ್ತಿಲ್ಲ. "ಮನೆ ಮರ್ವಾದೆ ಕಳೆದ್ಬುಟ್ಟೆಯಲ್ಲಣ್ಣ" ಎನ್ನುತ್ತಿದ್ದಾನೆ. ಅವನ ಪ್ರಕಾರ ಅದು ಹೋದದ್ದು ಈಗ.