ಎರಡು ಟರ್ಮಿನಲ್, ಒಂದು ಲಾಟ್ ನಂಬರು

೧೯೮೭ರಲ್ಲಿ ನಾನು ಹರಪನಹಳ್ಳಿಯ ಒಂದು ಬೀಜ ಪರೀಕ್ಷಾ ಲ್ಯಾಬಿನಲ್ಲಿ ಪ್ರೋಗ್ರಾಮರ್ ಆಗಿದ್ದೆ. ನನ್ನ ಮೇಲಿನವರು ಕೊಟ್ರೇಶಪ್ಪನವರು. ಹೋದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ಆ ಮುಂಗಾರಿನ ಒಂದು ವಾರವೇ ನೆನಪಾಗುತ್ತಿದೆ.

ಲ್ಯಾಬಿಗೆಂದು ಅವರೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಒಂದೇ ಕಂಪ್ಯೂಟರ್, ಎರಡು ಟರ್ಮಿನಲ್. ಬೀಜದ ಯಾವ ಲಾಟಿನಲ್ಲಿ, ಅಂದರೆ ಒಟ್ಟಿಗೇ ಬಂದ ಚೀಲಗಳ ಯಾವ ಗುಂಪಿನಲ್ಲಿ, ಎಷ್ಟು ಮೊಳಕೆ ಬಂತೆಂದು ಇಬ್ಬರು ಗುಮಾಸ್ತರು ಒಟ್ಟಿಗೇ ತುಂಬುತ್ತಿದ್ದರು. ಆದರೆ ಆ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮಿನಲ್ಲಿ, ತೆರೆದಿರುವ ಲಾಟಿನ ನಂಬರು ನೆನಪಿಡುವ 'ಈಗಿನ ಲಾಟ್' ಎಂಬ ವೇರಿಯೇಬಲ್ ಇಡೀ ಯಂತ್ರಕ್ಕೆ ಒಂದೇ ಇತ್ತು. ಆ ತಪ್ಪು ನನ್ನದು.

ಒಂದು ಬೆಳಿಗ್ಗೆ ಗುಮಾಸ್ತೆ ಶಿವಮ್ಮ ಪ್ರಿಂಟ್ ಹಿಡಿದು ಬಂದರು.

"ಸರ, ಈ ಜ್ವಾಳದ ಟ್ರೇ ನಾನ ನೋಡೀನಿ. ಅರ್ಧಕ್ಕರ್ಧ ಮೊಳೆತಿಲ್ಲ. ನಿಮ್ಮ ಮಿಷನ್ನು ಪಾಸ್ ಅಂತೈತಿ. ಅದಕ್ಕೇನು ಕಣ್ಣುಬ್ಯಾನಿ ಬಂದೈತೇನ್ರಿ?"

ಅವರು ತುಂಬುತ್ತಿದ್ದಾಗಲೇ ಪಕ್ಕದ ಟರ್ಮಿನಲ್‌ನಲ್ಲಿ ಇನ್ನೊಬ್ಬ ಗುಮಾಸ್ತರು ಬೇರೆ ಲಾಟ್ ತೆರೆದಿದ್ದರು. ಇಬ್ಬರ ಲೆಕ್ಕವೂ ಅದಲುಬದಲಾಗಿತ್ತು. ಎರಡು ದಿನದಲ್ಲಿ ಸರ್ಟಿಫಿಕೇಟ್ ಹೊರಡಬೇಕು. ಹೊರಟರೆ ಸತ್ತ ಬೀಜ ಹೊಲ ಸೇರುತ್ತಿತ್ತು.

"ಒಬ್ಬೊಬ್ಬರ ಕುಂತು ತುಂಬ್ಲಿ ಬಿಡ್ರಿ" ಎಂದೆ.

"ನಿನ್ನ ಪ್ರೋಗ್ರಾಮ್ ಸಲುವಾಗಿ ಶಿವಮ್ಮ ಪಾಳಿ ಹಚ್ಚಬೇಕೇನಲೇ?" ಎಂದು ಕೊಟ್ರೇಶಪ್ಪ ನಕ್ಕರು.

ಪ್ರತಿ ಟರ್ಮಿನಲ್‌ನ ಕೆಲಸಕ್ಕೂ ಆ ವೇರಿಯೇಬಲ್‌ನ ಸ್ವಂತ ಪ್ರತಿ ಕೊಟ್ಟೆವು. ಬಳಸಲು ಎರಡು ಆಜ್ಞೆ: ಲಾಟ್ ನಂಬರು ಇಡು, ಮುಗಿದ ಮೇಲೆ ಅಳಿಸು. ಶಿವಮ್ಮನಿಗೆ ಒಂದು ಲಾಟಿನ ನಡುವೆ ಹಿಂದಿನದನ್ನು ತೆರೆದು ಹೋಲಿಸುವ ರೂಢಿ. ಹಾಗೆ ನೋಡಿ, 'ಅಳಿಸು' ಎಂದು ಮರಳಿದಾಗ ಮೊದಲ ಲಾಟಿನ ನಂಬರೂ ಅಳಿಸಿ ಖಾಲಿಯಾಗಿತ್ತು. ಆಗ ಕೊಟ್ರೇಶಪ್ಪ 'ಇಡು' ಎಂದಾಗ ಒಂದು ಟೋಕನ್, ಅಂದರೆ ಹಳೆಯ ನಂಬರಿನ ಗುರುತುಚೀಟಿ, ಬರುವಂತೆ ಮಾಡಿದರು. ಅದನ್ನು ಮರಳಿಸಿದರೆ ಮುಂಚಿನ ನಂಬರೇ ಬರುತ್ತಿತ್ತು.

ಮುಗಿಯಿತು ಎಂದುಕೊಂಡೆ. ಕೊಟ್ರೇಶಪ್ಪ ಬೇಕೆಂದೇ ಅಂಕಿಯ ಜಾಗದಲ್ಲಿ ಅಕ್ಷರ ಒತ್ತಿದರು. ಪ್ರೋಗ್ರಾಮ್ ನಡುವೆಯೇ ನಿಂತಿತು, ಟೋಕನ್ ಮರಳಲಿಲ್ಲ, ತಪ್ಪು ಲಾಟೇ ಉಳಿಯಿತು.

"ನಿಂತರೂ ಟೋಕನ್ ವಾಪಸ್ ಕೊಡ್ರಿ ಅಂತ ಸೂಚನೆಯೊಳಗ ಬರದೀವಲ್ರಿ?" ಎಂದೆ.

"ಅವಸರದಾಗ ಯಾರು ಓದ್ತಾರಪಾ? ಅವರು ಮರೆತರೂ ನಡೀಬೇಕು."

ಎರಡೂ ಆಜ್ಞೆ ತೆಗೆದು ಒಂದನ್ನೇ ಉಳಿಸಿದರು: ಈ ಲಾಟಿನೊಳಗೆ ಈ ಕೆಲಸ ಮಾಡು. ಕೆಲಸ ಮುಗಿಯಲಿ, ಮುರಿಯಲಿ, ಹಳೆಯ ನಂಬರು ತಾನೇ ಮರಳುತ್ತಿತ್ತು. ಮರುದಿನ ಎರಡೂ ಟರ್ಮಿನಲ್‌ಗಳಲ್ಲಿ ಮತ್ತೆ ತುಂಬಿಸಿದೆವು.

"ಆ ಜ್ವಾಳ ಫೇಲಾತ್ರಿ ಸರ, ಫೇಲಾತು!" ಎಂದು ಶಿವಮ್ಮ ಖುಷಿಯಿಂದ ಕೂಗಿದರು.

ಬಳಸುವವರ ನೆನಪಿನ ಭಾರವನ್ನು ಬರೆದವನೇ ಹೊರಬೇಕೆಂದು ನಾನು ಅಂದು ಕಲಿತೆ. ಆ ಜೋಳದ ಚೀಲಗಳು ಯಾವ ಹೊಲಕ್ಕೂ ಹೋಗಲಿಲ್ಲ. ಹಾಗಾಗಿ ಯಾವ ರೈತನಿಗೂ ಕೊಟ್ರೇಶಪ್ಪನವರ ಹೆಸರು ತಿಳಿಯುವ ಪ್ರಸಂಗ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.