ಹನ್ನೆರಡು ಮೂವತ್ತೇಳರ ಅಕ್ಷತೆ

ಗೆಳೆಯರೇ, ನಾಲ್ಕು ತಿಂಗಳು ಕೂತು ಕಟ್ಟಿದ ನನ್ನ ಮದುವೆ ವೇಳಾಪಟ್ಟಿಯ ವೆಬ್‌ಸೈಟಿಗೆ ಇಂದು ಮೊದಲ ಗಿರಾಕಿ ಬಂದರು. ಖಾನಾಪುರದ ಬಸಪ್ಪ ಕಾಕಾ, ಮಗಳ ಮದುವೆ. ಖಾಸಬಾಗದ ಸೈಬರ್ ಕೆಫೆಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದೆ, "ಅಕ್ಷತಾ ಬೀಳೂದು ಎಷ್ಟಕ್ಕ ರೀ?"

"ಹನ್ನೆರಡು ಮೂವತ್ತೇಳಕ್ಕ."

ಯಾರಿಗೂ ತೊಡಕಾಗದಿರಲೆಂದು ನಾನು ಸಮಯದ ಪುಟದಲ್ಲಿ ಕಾಲು ಗಂಟೆಗೊಂದು ಆಯ್ಕೆ ಮಾತ್ರ ಇಟ್ಟಿದ್ದೆ.

"ಹನ್ನೆರಡೂವರಿ ಹಾಕ್ಲಿ? ಹೆಂಗೂ ಒಂದರ ಮ್ಯಾಲೇ ಆಗ್ತೈತಿ."

"ತಡಾ ಆಗೂದು ಖರೇ, ತಂಗಿ. ಆದ್ರ ಹನ್ನೆರಡು ಮೂವತ್ತೇಳರಿಂದನ ತಡಾ ಆಗ್ಬೇಕು. ಸ್ವಾಮಿಗೋಳು ಪಂಚಾಂಗ ನೋಡಿ ಕೊಟ್ಟ ಹೊತ್ತದು. ನಿನ್ನ ಕಂಪ್ಯೂಟರಿಗೆ ಆಗಂಗಿಲ್ಲಂದ್ರ ಬಿಡು, ವಹಿಯೊಳಗ ಬರಕೋತೀನಿ." ಚೀಲ ಹಿಡಿದು ಎದ್ದೇಬಿಟ್ಟರು.

ಮೊದಲ ಗಿರಾಕಿಯನ್ನೇ ವಹಿಗೆ ಬಿಟ್ಟುಕೊಡುವವಳಲ್ಲ ನಾನು. "ನಾಳೆ ಬರ್ರಿ ಕಾಕಾ, ಅರವತ್ತೂ ನಿಮಿಷ ಇರ್ತಾವ," ಎಂದೆ. "ಎಷ್ಟಕ್ಕ ಬರ್ತೀರಿ?"

"ಬರ್ತೀನಿ ತಗೋ, ಮುಂಜಾನಿ ಇಲ್ಲಾ ಮಧ್ಯಾಹ್ನ."

ಸಂಜೆಯೊಳಗೆ ಆ ಪುಟವನ್ನು ಪೂರ್ತಿ ಒಡೆದು ಕಟ್ಟಿದೆ. ಮೂವತ್ತೇಳು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ. ಈಗ ಪಟ್ಟಿಯ ಕೊನೆಗೆ ಇನ್ನೊಂದು ಆಯ್ಕೆ ಸೇರಿಸುತ್ತಿದ್ದೇನೆ: "ಮುಂಜಾನಿ ಇಲ್ಲಾ ಮಧ್ಯಾಹ್ನ."