ಮೊಣಕಾಲಿನ ಪರವಾಗಿ ಮಾತಾಡಿದ ಫೌಜಿ

ಬೆಳಗಿನ ಆರು ಗಂಟೆ. ಗಡಹಿಂಗ್ಲಜ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮುಚ್ಚಿದ ಶಟರಿನ ಮುಂದೆ ಸಂಘಪಾಲ ನೆಟ್ಟಗೆ ನಿಂತಿದ್ದಾರೆ. ಬೀಗ ಇರುವುದು ನೆಲಮಟ್ಟದಲ್ಲಿ. ಅವರ ಬಲ ಮೊಣಕಾಲಿಗೆ ನೆಲವೆಂಬುದು ಈಗ ದೂರದ ಊರು. ಹೆಂಡತಿ ಹೌಸಾಬಾಯಿ ಸೆರಗಿನ ಗಂಟಿನಿಂದ ಕೀಲಿಕೈ ಬಿಚ್ಚಿ, ಬಗ್ಗಿ ಬೀಗ ತೆಗೆಯುತ್ತಾರೆ. ಸಂಘಪಾಲ ಶಟರು ಎತ್ತುತ್ತಾರೆ. ಒಬ್ಬರ ಕೆಲಸ ಇಬ್ಬರಿಗೆ ಹಂಚಿಹೋಗಿ ಆರು ವರ್ಷವಾಯಿತು. ಬೀಗವನ್ನು ಸೊಂಟದೆತ್ತರಕ್ಕೆ ಏರಿಸಿಕೊಡುತ್ತೇನೆಂದು ಪಕ್ಕದ ವೆಲ್ಡಿಂಗ್ ಅಂಗಡಿಯ ಭರತೇಶ ಆರು ವರ್ಷದಿಂದಲೂ ಹೇಳುತ್ತಿದ್ದಾರೆ. ‘ನಾ ಏನ ಕುಂಟ ಆಗೇನೇನ?’ ಎನ್ನುವುದೇ ಅದಕ್ಕೆ ಸಂಘಪಾಲರ ಉತ್ತರ.

ಒಳಗೆ ಟ್ರ್ಯಾಕ್ಟರ್ ಸೀಟುಗಳು, ತಾಡಪತ್ರಿಯ ಸುರುಳಿಗಳು, ತುಳಿದು ಹೊಲಿಯುವ ಹಳೆಯ ಯಂತ್ರ. ಐವತ್ತೆಂಟರ ಸಂಘಪಾಲ ಅದನ್ನು ಎಡಗಾಲೊಂದರಿಂದಲೇ ತುಳಿಯುತ್ತಾರೆ. ಬಲಗಾಲು ಪಕ್ಕದ ಸ್ಟೂಲಿನ ಮೇಲೆ ಬೀಗರಂತೆ ಚಾಚಿಕೊಂಡಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ದಿನಕ್ಕೆ ಆರು ಸೀಟು; ಮಳೆ ಬಿಸಿಲಿಗೆ ಟ್ರ್ಯಾಕ್ಟರಿನ ಮೇಲೆ ಕಟ್ಟುವ ತಾಡಪತ್ರಿಯ ಹುಡ್ ವಾರಕ್ಕೆ ಎರಡು. ನೂಲ, ಉತ್ತೂರದಂಥ ಸುತ್ತಲಿನ ಊರುಗಳಿಂದಲೂ ಟ್ರ್ಯಾಕ್ಟರಿನವರು ಬರುತ್ತಾರೆ. ಈ ಹೊಲಿಗೆ ಎರಡು ಮಳೆಗಾಲ ಕಳೆದರೂ ಬಿಚ್ಚುವುದಿಲ್ಲ. ಈಚೆಗೆ ಎಡಗಾಲೂ ನೋಯತೊಡಗಿದೆ. ಅದು ನಿಂತರೆ ಯಂತ್ರವೂ ನಿಂತಂತೆ.

ಇಚಲಕರಂಜಿಯ ಮಗ್ಗದ ಕಾರ್ಮಿಕನ ಮಗ. ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಹಿಮದ ಇಳಿಜಾರಿನಲ್ಲಿ ತೊಲೆ ಹೊತ್ತು ಜಾರಿದಾಗ ತೊಲೆ ಬಂದು ಬಿದ್ದದ್ದು ಇದೇ ಮೊಣಕಾಲಿನ ಮೇಲೆ. ಸೈನ್ಯದಿಂದ ಬಿಡುಗಡೆಯಾಗುವ ವೇಳೆಗೆ ವೈದ್ಯರ ಬೋರ್ಡು ಅಂಗವೈಕಲ್ಯ ಶೇಕಡಾ ಇಪ್ಪತ್ತು ಎಂದು ಬರೆಯಿತು. ಆ ಇಪ್ಪತ್ತು ಅಲ್ಲೇ ನಿಂತಿತು, ಮೊಣಕಾಲು ನಿಲ್ಲಲಿಲ್ಲ. ಎಲುಬಿಗೆ ಎಲುಬು ತಿಕ್ಕುತ್ತಿದೆ ಎಂದು ಕೊಲ್ಹಾಪುರದ ಡಾಕ್ಟರು ಎಕ್ಸರೇ ನೋಡಿ ಹೇಳಿದರು. ಅಂಕಿ ಏರಿದರೆ ಪಿಂಚಣಿ ಏರುತ್ತದೆ, ತುಳಿಯುವ ತಾಸು ಇಳಿಯುತ್ತದೆ. ಮರುತಪಾಸಣೆಗೆ ಅರ್ಜಿ ಹೋಯಿತು.

ಎರಡು ವರ್ಷದ ಹಿಂದೆ ಕರೆ ಬಂದಾಗ ಸಂಘಪಾಲ ಮಾಡಿದ ತಪ್ಪನ್ನು ಫೌಜಿಯೊಬ್ಬ ಮಾತ್ರ ಮಾಡಬಲ್ಲ. ಸಾಹೇಬರ ಮುಂದೆ ಕುಂಟುತ್ತ ಹೋಗುವುದು ಹೇಗೆಂದು ಹಿಂದಿನ ದಿನವೇ ನೋವಿನ ಇಂಜೆಕ್ಷನ್ ಮಾಡಿಸಿಕೊಂಡರು. ಬೂಟಿಗೆ ಪಾಲಿಶ್, ಅಂಗಿಗೆ ಇಸ್ತ್ರಿ. ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಹಿಮ್ಮಡಿ ಕೂಡಿಸಿ ‘ಏಕದಮ್ ಠೀಕ್, ಸಾಬ್’ ಎಂದುಬಿಟ್ಟರು. ಕುಕ್ಕರಗಾಲಲ್ಲಿ ಕೂರಲು ಹೇಳಿದಾಗ ಹಲ್ಲು ಕಚ್ಚಿ ಕೂತು ಎದ್ದರು. ಮತ್ತೆ ಇಪ್ಪತ್ತೇ ಬಂತು. ಆಮೇಲೆ ನಾಲ್ಕು ದಿನ ಹಾಸಿಗೆ ಬಿಟ್ಟೇಳಲಿಲ್ಲ.

‘ಸಂತ್ಯಾಗ ಮಾರಾಕ ಒಯ್ಯೂ ಎತ್ತಿನಂಗ ಸಿಂಗಾರ ಮಾಡ್ಕೊಂಡ ಹೋಗಿದ್ರಿ’ ಎಂದು ಹೌಸಾಬಾಯಿ ಇಂದಿಗೂ ಚುಚ್ಚುತ್ತಾರೆ.

ಆಕೆ ಸುಮ್ಮನೆ ಕೂರಲಿಲ್ಲ. ಗಂಡನನ್ನು ಕೈಹಿಡಿದು ಎಬ್ಬಿಸಬೇಕಾದ ಪ್ರತಿ ದಿನಕ್ಕೂ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದರು. ಒಂದು ವರ್ಷಕ್ಕೆ ಇನ್ನೂರ ಹನ್ನೊಂದು ಗೆರೆ. ಹೊಸ ಅರ್ಜಿಯ ಜತೆ ಆ ಕ್ಯಾಲೆಂಡರ್, ಎಕ್ಸರೇ, ಡಾಕ್ಟರರ ಚೀಟಿ ಹೋದವು. ಹೋದ ವಾರ ಮತ್ತೆ ಕರೆ ಬಂತು. ಹೊರಡುವಾಗ ಭರತೇಶ ಕೂಗಿ ಹೇಳಿದರು: ‘ಫೌಜಿ, ಸಲ್ಯೂಟ ಮನ್ಯಾಗ ಇಟ್ಟ ಹೋಗ್ರಿ.’

ಈ ಸಲ ಇಂಜೆಕ್ಷನ್ ಇಲ್ಲ. ಕೈಯಲ್ಲಿ ಕೋಲು. ಗಡ್ಡ ಮಾತ್ರ ನುಣ್ಣಗೆ ಬೋಳಿಸಿಕೊಂಡೇ ಹೋದರು, ಅಷ್ಟನ್ನು ಬಿಡಲಾಗಲಿಲ್ಲ. ಮಗಳ ವಯಸ್ಸಿನ ಡಾಕ್ಟರು ಕುಕ್ಕರಗಾಲಲ್ಲಿ ಕೂರಲು ಹೇಳಿದರು. ‘ಠೀಕ್’ ಎಂಬುದು ಗಂಟಲಿನತನಕ ಬಂದಿತ್ತಂತೆ.

‘ಹದಿನೇಳ ವರ್ಷದಾಗ ಸಾಹೇಬ್ರಿಗೆ ಆಗೂದಿಲ್ಲ ಅಂದಾಂವ ಅಲ್ರಿ ನಾ. ಅವತ್ತ ಅಂದೆ. ಗುಡ್ಡಾ ಏರೂದ ಸುಲಭ ಇತ್ತರಿ’ ಎನ್ನುತ್ತಾರೆ ಸಂಘಪಾಲ.

ಫಲಿತಾಂಶದ ಪತ್ರ ಇನ್ನೂ ಬಂದಿಲ್ಲ. ಮತ್ತೆ ಇಪ್ಪತ್ತೇ ಎಂದು ಬಂದರೆ ಮೂರನೆಯ ಅರ್ಜಿಗೆ ಕಾಗದಗಳ ಝೆರಾಕ್ಸ್ ಆಗಲೇ ಸಿದ್ಧವಿದೆ. ‘ನಾ ಬಿಡಾಂವ ಅಲ್ಲ. ಕಾಲ ಖರೇ ಹೇಳಾಕತ್ತೈತಿ, ನಾ ಯಾಕ ಸುಳ್ಳ ಹೇಳ್ಲಿ?’

ಇವತ್ತು ಮಧ್ಯಾಹ್ನ ಹುಡ್ ಒಂದರ ಅಂಚು ಮುಗಿಸಿ, ತಾವಾಗಿಯೇ ಭರತೇಶರನ್ನು ಕರೆಯುತ್ತಾರೆ. ಅರ್ಧ ತಾಸಿನಲ್ಲಿ ಬೀಗದ ಕೊಂಡಿ ಸೊಂಟದೆತ್ತರಕ್ಕೆ ಬಂದು ಕೂರುತ್ತದೆ. ಆರು ವರ್ಷದ ಮಾತು ಕಿಡಿ ಹಾರಿಸಿ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ ಆರು. ಅಭ್ಯಾಸದಂತೆ ಹೌಸಾಬಾಯಿ ಸೆರಗಿನ ಗಂಟು ಬಿಚ್ಚುತ್ತಾರೆ. ಸಂಘಪಾಲ ಕೈ ಚಾಚುತ್ತಾರೆ.

‘ಕೀಲಿಕೈ ತಾ ಇಲ್ಲಿ. ನನ್ನ ಅಂಗಡಿ ನಾ ತೆಗೀತೇನಿ.’